ಇಂದಾಪುರದ ನಾಜೂಕು

1986ರ ಜೂನ್ ತಿಂಗಳಲ್ಲಿ ನನಗೆ ಇಂದಾಪುರಕ್ಕೆ ವರ್ಗವಾಯಿತು. ಆರ್ಡರ್ ಕೈಗೆ ಬಂದಾಗ ಊರು ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಇದ್ದ ಹಳೇ ಅಟ್ಲಾಸ್ ತೆಗೆದು, ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ದಾರಿಯ ಮೇಲೆ ಬೆರಳಿಟ್ಟು ಹುಡುಕಿದೆ. ಪುಣೆ ಜಿಲ್ಲೆಯ ಕಟ್ಟಕಡೆಯ ತಾಲೂಕು ಅದು. ಪುಣೆಯಿಂದ ಸುಮಾರು 140 ಕಿಲೋಮೀಟರು. ಒಂದು ಕಡೆ ಭೀಮಾ ನದಿ, ಇನ್ನೊಂದು ಕಡೆ ನೀರಾ ನದಿ. ತಾಲೂಕಿನ ತುದಿಯಲ್ಲಿ, ನರಸಿಂಗಪುರದ ಹತ್ತಿರ, ಎರಡೂ ಕೂಡುತ್ತವೆ. ಭೀಮೆ ಅಲ್ಲಿಂದ ಮುಂದೆ ಹರಿದು ನಮ್ಮ ಅಫಜಲಪುರ, ಗಾಣಗಾಪುರಗಳನ್ನು ದಾಟಿ ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. "ನೀರು ನಮ್ಮ ಕಡೆಗೇ ಬರ್ತದಲ್ಲ, ನೀ ಯಾಕ ಹೆದರತಿ?" ಎಂದು ನಮ್ಮ ಅಪ್ಪ ಅಂದರು. ನೀರು ಬರುತ್ತದೆ ನಿಜ, ನಾನು ಅದಕ್ಕೆ ಎದುರಾಗಿ ಹೋಗಬೇಕಿತ್ತು.

ಆಗ ಗದಗದಿಂದ ಹೋಟಗಿಗೆ ಮೀಟರ್ ಗೇಜ್ ಗಾಡಿ. ಗಾಡಿ ಬಿಜಾಪುರ ದಾಟುವಷ್ಟರಲ್ಲಿ ಮೈಮೇಲೆ ಒಂದು ಪದರ ಧೂಳು. ಸೊಲ್ಲಾಪುರದಲ್ಲಿ ಇಳಿದು, ಅಲ್ಲಿಂದ ಕೆಂಪು ಎಸ್.ಟಿ. ಬಸ್ಸು ಹಿಡಿದು ಇಂದಾಪುರ. ಸೊಲ್ಲಾಪುರದಲ್ಲಿ ಕನ್ನಡ ಕಿವಿಗೆ ಬೀಳುತ್ತಿತ್ತು. ಬೇಂದ್ರೆಯವರು 1944ರಿಂದ 1956ರವರೆಗೆ ಅದೇ ಊರಿನ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವರು. ಇಂದಾಪುರ ಬಂದಾಗ ಕನ್ನಡ ಮುಗಿದಿತ್ತು. ಬ್ರ್ಯಾಂಚಿನಲ್ಲಿ ಅಕ್ಕಲಕೋಟೆಯ ಕಡೆಯ ಒಬ್ಬ ಜವಾನ ಇದ್ದ; ಅವನೊಬ್ಬನೇ ಕನ್ನಡ ಬಲ್ಲವನು.

ಮ್ಯಾನೇಜರ್ ಸಾಹೇಬರು ಒಳ್ಳೆಯವರು. "ನಿಮಗೆ ಮರಾಠಿ ಕಷ್ಟ ಆಗೋದಿಲ್ಲ, ಅರ್ಧ ಶಬ್ದ ನಿಮ್ಮ ಭಾಷೆಯವೇ" ಎಂದು ಧೈರ್ಯ ಹೇಳಿದರು. ಅದು ಸುಳ್ಳಲ್ಲ. ಜಮಾ, ಖರ್ಚು, ಬಾಕಿ, ವಸೂಲಿ, ಹಪ್ತೆ, ಜಾಮೀನು, ಸಹಿ, ದಾಖಲೆ, ತಾರೀಖು, ರಜೆ. ಬ್ಯಾಂಕಿನ ಕೌಂಟರಿನಲ್ಲಿ ನಿಂತು ದಿನಕ್ಕೆ ನೂರು ಸಲ ಆಡುವ ಮಾತುಗಳು ಎರಡೂ ಕಡೆ ಒಂದೇ. ಹದಿನೈದು ದಿನದಲ್ಲಿ ನಾನು ಮರಾಠಿ ಬಂತು ಎಂದುಕೊಂಡೆ. ಪೂರ್ತಿ ಬಾರದ ಭಾಷೆಯಲ್ಲಿ ಮನುಷ್ಯ ಕೇಳಿ ಕೇಳಿ ಮಾತಾಡುತ್ತಾನೆ. ಅರ್ಧ ಬಂದ ಭಾಷೆಯಲ್ಲಿ ಕೇಳುವುದನ್ನು ಬಿಟ್ಟುಬಿಡುತ್ತಾನೆ. ಇದು ನನಗೆ ಗೊತ್ತಾದದ್ದು ಮರುವರ್ಷ.

1987ರ ಏಪ್ರಿಲ್ ಇರಬೇಕು, ಬಿಸಿಲು ಜೋರಾಗಿತ್ತು. ನೀರಾ ನದಿಯ ಕಡೆಯ ಹಳ್ಳಿಯಿಂದ ಒಬ್ಬ ರೈತ ಬಂದ. ಮೂವತ್ತರ ಆಸುಪಾಸು. ಅವನ ತಂದೆಯ ಹೆಸರಿನಲ್ಲಿ ಎಂಟು ಸಾವಿರದ ಒಂದು ಠೇವಣಿ ಇತ್ತು, ಅವಧಿ ಮುಗಿಯಲು ಇನ್ನೂ ಏಳೆಂಟು ತಿಂಗಳು. ಮುರಿಸಿಕೊಡಿ ಎಂದು ಕೇಳಿದ. ರಸೀದಿಯ ಹಿಂದೆ ತಂದೆಯ ಸಹಿ ಬೇಕಲ್ಲ, ಅವರನ್ನು ಕರೆದುಕೊಂಡು ಬಾ ಎಂದೆ. ಅವನು, "ವಡಿಲಾಂಚೀ ತಬ್ಯೇತ್ ಫಾರ್ ನಾಜೂಕ್ ಆಹೇ, ಸಾಹೇಬ್" ಎಂದ.

ನಮ್ಮ ಕಡೆ ನಾಜೂಕು ಎಂದರೆ ಏನು ಅಂತ ನಿಮಗೆ ಗೊತ್ತು. ಅಕ್ಕಸಾಲಿಗನ ಕೆಲಸ ನಾಜೂಕು. ನಾಜೂಕಾಗಿ ಮಾತಾಡಿ ಕೆಲಸ ಮಾಡಿಸಿಕೊಂಡ, ನಾಜೂಕಾಗಿ ಜಾರಿಕೊಂಡ. ಬಿಸಿಲಿಗೆ ಬಾರದ, ಒರಟು ಅರಿವೆ ಉಡದ ಮನುಷ್ಯನನ್ನು ನೋಡಿ "ಭಾಳ ನಾಜೂಕಿನಾಂವ" ಎಂದು ನಗುತ್ತೇವೆ. ನನ್ನ ತಲೆಯಲ್ಲಿ ಇದ್ದದ್ದು ಇದು. ಆ ಮುದುಕ ಸ್ವಲ್ಪ ಸುಕುಮಾರ ಜಾತಿಯವನು, ಬಿಸಿಲಿನಲ್ಲಿ ಹತ್ತು ಮೈಲಿ ಬಸ್ಸಿನಲ್ಲಿ ಬರಲು ಬೇಸರ ಪಡುತ್ತಾನೆ ಎಂದು ತಿಳಿದೆ. ಹಾಗಾದರೆ ಬಿಸಿಲು ಇಳಿದ ಮೇಲೆ, ಮುಂದಿನ ವಾರ ಕರೆದುಕೊಂಡು ಬಾ, ಅವಸರ ಏನಿದೆ ಎಂದೆ. ನಕ್ಕೆ ಸಹ. ಅವನು ನನ್ನ ಮುಖ ನೋಡಿದ. ಮತ್ತೇನೂ ಅನ್ನಲಿಲ್ಲ. ರಸೀದಿಯನ್ನು ಮಡಿಸಿ ಟೊಪ್ಪಿಗೆಯೊಳಗೆ ಇಟ್ಟುಕೊಂಡು ಹೋದ.

ಎಂಟು ದಿನ ಬಿಟ್ಟು ಬಂದಾಗ ಅವನ ತಲೆ ಬೋಳಿಸಿತ್ತು. ಠೇವಣಿ ವಾರಸುದಾರರಿಗೆ ಸಿಗಬೇಕಾದರೆ ಏನೇನು ಕಾಗದ ಬೇಕು ಎಂದು ಕೇಳಿದ, ಅಷ್ಟೇ. ನಾನು ಪಟ್ಟಿ ಬರೆದುಕೊಟ್ಟೆ. ಅವನು ಹೋದ ಮೇಲೆ ಜವಾನ ನನ್ನ ಟೇಬಲ್ಲಿನ ಹತ್ತಿರ ಬಂದು ಮೆಲ್ಲಗೆ ಕನ್ನಡದಲ್ಲಿ ಹೇಳಿದ: "ಸಾಹೇಬರ, ಅಂವಾ ಅವತ್ತ ಅಪ್ಪ ಸಾಯಾಕ ಹತ್ತ್ಯಾನ ಅಂತ ಹೇಳಿದ್ದಾರೀ. ಸೊಲ್ಲಾಪುರದ ದವಾಖಾನಿಗೆ ಒಯ್ಯಬೇಕಿತ್ತು. ಇಲ್ಲೆ ನಾಜೂಕ ಅಂದ್ರ ಹಂಗರೀ."

ಮರಾಠಿಯಲ್ಲಿ ಹಾಗೇ. ಪೇಪರಿನಲ್ಲಿ ದೊಡ್ಡವರ ಪ್ರಕೃತಿ ನಾಜೂಕ್ ಎಂದು ಬಂದರೆ ಜನ ರೇಡಿಯೋ ಹಚ್ಚಿ ಕೂಡುತ್ತಾರೆ. ನಮ್ಮ ಪತ್ರಿಕೆಗಳು ಸ್ಥಿತಿ ಚಿಂತಾಜನಕ ಎಂದು ಬರೆಯುವ ಕಡೆ ಅವರು ಈ ಶಬ್ದವನ್ನೂ ಬಳಸುತ್ತಾರೆ. ಬೆಳಗಾವಿ, ನಿಪ್ಪಾಣಿ ಕಡೆಯವರಿಗೆ ಈ ಅರ್ಥ ಹೊಸದಲ್ಲ, ಅವರು ಓದಿ ನಗಬಹುದು. ವರದಾ, ತುಂಗಭದ್ರೆಯ ಕಡೆಯವನಾದ ನನಗೆ ಅದು ಗೊತ್ತಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆಯುವುದು ಸುಲಭ. ನಿದ್ದೆ ಬಂತು, ಬ್ಯಾಂಕಿನ ಉಳಿದ ಕೆಲಸ ಮೈಮೇಲಿತ್ತು. ಆದರೆ ಶಬ್ದ ಮಾತ್ರ ಬಿಡಲಿಲ್ಲ. ಈ ಒಂದು ಮಾತು ಎಲ್ಲಿಂದ ಬಂತು, ಭೀಮೆಯ ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಯಾಕಾಯಿತು ಎಂದು ಸಿಕ್ಕ ಪುಸ್ತಕ ಓದುತ್ತ ಹೋದೆ. ನಾನು ಇತಿಹಾಸಕಾರನಲ್ಲ, ಓದಿದ್ದು ಎಂ.ಕಾಂ. ಲೆಕ್ಕ ತಾಳೆ ಆಗದಿದ್ದರೆ ಹಿಂದಿನ ಪುಟಗಳನ್ನು ತಿರುವಿ ನೋಡುವುದು ನಮ್ಮ ವೃತ್ತಿಯ ಚಟ.

ಶಬ್ದ ಪಾರ್ಸಿಯದು. ನಾಜ್ ಎಂದರೆ ಮುದ್ದು, ವಯ್ಯಾರ, ಲಾಲನೆಯಲ್ಲಿ ಬೆಳೆದವರ ಬಿಂಕ. ನಾಜೂಕ್ ಅದೇ ಮನೆತನದ ಮಾತು. ಮುದ್ದಿನಲ್ಲಿ ಬೆಳೆದದ್ದು ಮೃದುವಾಗಿರುತ್ತದೆ, ಮೃದುವಾದದ್ದು ಬೇಗ ಮುರಿಯುತ್ತದೆ. ಅರ್ಥ ಹೀಗೆ ಮೆಟ್ಟಿಲಿಳಿಯುತ್ತದೆ. ಇದರಲ್ಲಿ ಒಂದು ಸೋಜಿಗ ಇದೆ. ಇಂಗ್ಲಿಷಿನ ಡೆಲಿಕೇಟ್ ಕೂಡ ಇದೇ ಮೆಟ್ಟಿಲನ್ನು ಇಳಿದ ಶಬ್ದ. ಲ್ಯಾಟಿನ್ನಿನಲ್ಲಿ ಅದಕ್ಕೆ ಸುಖ ಕೊಡುವ, ಭೋಗದಲ್ಲಿ ಬೆಳೆದ ಎಂಬ ಅರ್ಥ. ಇಂಗ್ಲಿಷಿಗೆ 14ನೇ ಶತಮಾನದ ಹೊತ್ತಿಗೆ ಬಂದಾಗಲೂ ರುಚಿ, ಸುಖ, ಸೊಗಸುಗಳ ಮಾತೇ ಆಗಿತ್ತು. ಬೇಗ ಒಡೆಯುವ, ಕಾಯಿಲೆಗೆ ಈಡಾಗುವ ಎಂಬ ಅರ್ಥ ಆಮೇಲೆ ಕೂಡಿಕೊಂಡಿತು; ಜೋಪಾನವಾಗಿ ಬಗೆಹರಿಸಬೇಕಾದ ವಿಷಯ ಎಂಬುದು ಅದಕ್ಕೂ ಆಮೇಲೆ. ಇವತ್ತು ಗಾಜಿನ ಬಟ್ಟಲು ಡೆಲಿಕೇಟ್, ಬಸುರಿಯ ಆರೋಗ್ಯ ಡೆಲಿಕೇಟ್, ತಿಳಿಗುಲಾಬಿ ಬಣ್ಣ ಡೆಲಿಕೇಟ್, ಕಣ್ಣಿನ ಆಪರೇಷನ್ ಡೆಲಿಕೇಟ್, ಎರಡು ದೇಶಗಳ ಗಡಿಯ ಮಾತುಕತೆ ಡೆಲಿಕೇಟ್. ನಮ್ಮ ಹೆಡ್ಡಾಫೀಸಿನಿಂದ ಬರುವ ಪತ್ರಗಳಲ್ಲಿ ದೊಡ್ಡ ಸಾಲಗಾರ ಹಣ ಕಟ್ಟದಿದ್ದರೆ ಅದು ಡೆಲಿಕೇಟ್ ವಿಷಯ. ಸಣ್ಣವನು ಕಟ್ಟದಿದ್ದರೆ ವಸೂಲಿ ವಿಷಯ.

ಇನ್ನೂ ಒಂದು ಅರ್ಥವಿದೆ, ಅದನ್ನು ನಾನು ಕಲಿತದ್ದು ಬ್ರ್ಯಾಂಚಿನಲ್ಲೇ. ಬಂಗಾರದ ಸಾಲಕ್ಕೆ ಒಡವೆ ತೂಗುವ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗೆ ಇರುತ್ತಿತ್ತು. ಉಸಿರು ತಾಗಿದರೆ ಮುಳ್ಳು ಅಲುಗುವಂಥದು. ಅದನ್ನೂ ಇಂಗ್ಲಿಷಿನಲ್ಲಿ ಡೆಲಿಕೇಟ್ ಅನ್ನುತ್ತಾರೆ. ಇಲ್ಲಿ ಒಡೆಯುವ ಮಾತಿಲ್ಲ. ಅತಿ ಚಿಕ್ಕ ಭಾರವನ್ನೂ ಅದು ಗುರುತಿಸುತ್ತದೆ ಎಂದರ್ಥ. ಕನ್ನಡದಲ್ಲಿ ಇದಕ್ಕೆ ನಾಜೂಕು ಸಾಲದು, ಸೂಕ್ಷ್ಮ ಎನ್ನಬೇಕು. ಚುನಾವಣೆ ಬಂದಾಗ ಸೂಕ್ಷ್ಮ ಮತಗಟ್ಟೆ, ಅತಿಸೂಕ್ಷ್ಮ ಮತಗಟ್ಟೆ ಎಂದು ಓದುತ್ತೇವಲ್ಲ, ಅಲ್ಲಿ ಸೂಕ್ಷ್ಮ ಎಂದರೆ ಹೊಡೆದಾಟ ಆಗುವ ಸಂಭವ. ಅಂದರೆ ಮರಾಠಿಯ ನಾಜೂಕು. ರಿಸರ್ವ್ ಬ್ಯಾಂಕಿನವರು ಷೇರು ಪೇಟೆ, ಜಮೀನು ವ್ಯವಹಾರಗಳಿಗೆ ಕೊಟ್ಟ ಸಾಲವನ್ನು ಸೂಕ್ಷ್ಮ ವಲಯ ಎಂದು ಕರೆಯುತ್ತಾರೆ. ಶಬ್ದಗಳು ಒಂದರ ಅಂಗಿ ಒಂದು ಹಾಕಿಕೊಂಡು ತಿರುಗುತ್ತವೆ.

ಪಾರ್ಸಿಯ ಮಾತು ಇಂದಾಪುರಕ್ಕೂ ರಾಣೆಬೆನ್ನೂರಿಗೂ ಬಂದದ್ದು ಆಳಿದವರ ಕಚೇರಿಗಳ ಮೂಲಕ. 1347ರಲ್ಲಿ ಗುಲಬರ್ಗಾದಲ್ಲಿ ಬಹಮನಿ ರಾಜ್ಯ ಹುಟ್ಟಿತು, ಅದು ಒಡೆದ ಮೇಲೆ ಬಿಜಾಪುರ, ಅಹಮದನಗರಗಳು ಬೇರೆಯಾದವು. ಕನ್ನಡ ಸೀಮೆ, ಮರಾಠಿ ಸೀಮೆ ಎರಡೂ ಈ ಅರಸರ ಕೈಯಲ್ಲಿ ಹಂಚಿಹೋಗಿದ್ದವು. 16ನೇ ಶತಮಾನದಲ್ಲಿ ಬಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲ್‌ಶಾಹ ಲೆಕ್ಕಪತ್ರಗಳನ್ನು ಪಾರ್ಸಿಯಿಂದ ದೇಶಭಾಷೆಗೆ ಬದಲಿಸಿದ. ಬರೆಯುವ ಭಾಷೆ ಬದಲಾಯಿತು, ಶಬ್ದಗಳು ಹಾಗೇ ಉಳಿದವು. ಆಮೇಲೆ ಶಿವಾಜಿ ಮಹಾರಾಜರು ರಘುನಾಥ ಪಂಡಿತರಿಂದ ರಾಜ್ಯವ್ಯವಹಾರಕೋಶ ಬರೆಸಿ, ಕಚೇರಿಯ ಪಾರ್ಸಿ ಶಬ್ದಗಳಿಗೆ ಸಂಸ್ಕೃತದ ಬದಲಿಗಳನ್ನು ಕೊಡಿಸಿದರು. ಆದರೂ ಇಂದಾಪುರದ ರೈತ ಇವತ್ತಿಗೂ ಜಮೀನು, ಬಾಕಿ, ವಸೂಲಿ ಎಂದೇ ಅನ್ನುತ್ತಾನೆ. ನಮ್ಮವನೂ ಅಷ್ಟೇ.

ಇಂದಾಪುರ ಶಿವಾಜಿಯ ಮನೆತನಕ್ಕೆ ಹತ್ತಿರದ ಊರು. ಅವರ ಅಜ್ಜ ಮಾಲೋಜಿ ಭೋಸಲೆ ಅಹಮದನಗರದ ನಿಜಾಮಶಾಹಿಯ ಸರದಾರ, ವೇರೂಳದವರು. ಅಂದರೆ ಎಲ್ಲೋರಾದ ಗುಹೆಗಳಿವೆಯಲ್ಲ, ಆ ಊರು. ಅವರು ಯುದ್ಧದಲ್ಲಿ ಬಿದ್ದದ್ದು ಇಂದಾಪುರದಲ್ಲಿ. ವರ್ಷದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, 17ನೇ ಶತಮಾನದ ಮೊದಲ ಭಾಗ ಎಂಬುದಂತೂ ನಿಜ. ಊರಲ್ಲಿ ಅವರ ಹೆಸರಿನ ಹಳೇ ಗಢಿ ಇದೆ. ಮಾಲೋಜಿಯ ಮಗ ಶಹಾಜಿ ಬಿಜಾಪುರದ ಚಾಕರಿ ಹಿಡಿದು ಕನ್ನಡ ಸೀಮೆಗೆ ಬಂದು, 1638ರ ನಂತರ ಬೆಂಗಳೂರನ್ನು ಜಹಗೀರಾಗಿ ಆಳಿ, 1664ರಲ್ಲಿ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ ತೀರಿಕೊಂಡರು. ಹೊದಿಗೆರೆ ನಮ್ಮ ರಾಣೆಬೆನ್ನೂರಿನಿಂದ ತುಂಗಭದ್ರೆ ದಾಟಿ ಅರ್ಧ ದಿನದ ದಾರಿ. ತಂದೆ ಇಂದಾಪುರದಲ್ಲಿ, ಮಗ ಹೊದಿಗೆರೆಯಲ್ಲಿ. ಇಬ್ಬರದೂ ಹುಟ್ಟಿದ ಮಣ್ಣಲ್ಲ. ವರ್ಗಾವರ್ಗಿ ಎನ್ನುವುದು ನಮ್ಮ ಬ್ಯಾಂಕಿನವರು ಕಂಡುಹಿಡಿದದ್ದಲ್ಲ ಎಂದು ಇದನ್ನು ಓದಿದಾಗ ಅನ್ನಿಸಿತು. ನಾಲ್ಕು ವರ್ಷ ಇಂದಾಪುರದಲ್ಲಿ ಇರಲಾರೆ ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದ ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಆದರೆ ನನ್ನನ್ನು ಹೆಚ್ಚು ಹಿಡಿದು ಕೂಡಿಸಿದ್ದು ರಾಜರ ಕತೆಯಲ್ಲ, ಕಂದಾಯದ ಕತೆ.

1818ರಲ್ಲಿ ಪೇಶ್ವೆಯ ರಾಜ್ಯ ಇಂಗ್ಲಿಷರ ಕೈಗೆ ಹೋಯಿತು. ಹತ್ತು ವರ್ಷದೊಳಗೆ ಪುಣೆ ಸೀಮೆಯ ಭೂಮಿಯನ್ನು ಅಳೆದು ಕಂದಾಯ ಕಟ್ಟುವ ಕೆಲಸ ರಾಬರ್ಟ್ ಕೀತ್ ಪ್ರಿಂಗಲ್ ಎಂಬ ಅಧಿಕಾರಿಯ ಪಾಲಿಗೆ ಬಂತು. ಕಂಪನಿಯ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿದವನು. ಅಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವರು ಸಾಕ್ಷಾತ್ ಮಾಲ್ಥಸ್. 1817ರಲ್ಲಿ ಬಂದ ರಿಕಾರ್ಡೋನ ಪುಸ್ತಕದ ಗೇಣಿ ಸಿದ್ಧಾಂತ ಆ ಕಾಲದ ಹೊಸ ವಿದ್ಯೆ. ನಾನೂ ಎಂ.ಕಾಂ.ನಲ್ಲಿ ಅದನ್ನು ಬಾಯಿಪಾಠ ಮಾಡಿ ಅಂಕ ತೆಗೆದವನೇ. ಹೊಲದ ಒಟ್ಟು ಬೆಳೆ ಎಷ್ಟು, ಅದರಲ್ಲಿ ಬೀಜ, ಎತ್ತು, ಕೂಲಿ ಎಲ್ಲ ಕಳೆದರೆ ಉಳಿಯುವ ನಿವ್ವಳ ಎಷ್ಟು, ಆ ನಿವ್ವಳದಲ್ಲಿ ನೂರಕ್ಕೆ 55 ಸರ್ಕಾರಕ್ಕೆ. ಪ್ರಿಂಗಲ್‌ನ ಲೆಕ್ಕ ಇದು. ಒಂದೊಂದು ತರಗತಿಯ ಮಣ್ಣಿಗೂ ನಿವ್ವಳ ತೆಗೆಯಬೇಕು. ಕಾಗದದ ಮೇಲೆ ನೋಡಿದರೆ ಇಷ್ಟು ಅಚ್ಚುಕಟ್ಟಾದ ಕೆಲಸ ಮತ್ತೊಂದಿಲ್ಲ. ನಮ್ಮ ಕನ್ನಡದ ಅರ್ಥದಲ್ಲಿ ಹೇಳುವುದಾದರೆ, ಬಹಳ ನಾಜೂಕಿನ ಕೆಲಸ.

ಅಷ್ಟು ನಾಜೂಕಿನ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಹೊಲಕ್ಕೆ ಹೋಗಿ ತರಬೇಕಾದವರು ಸಂಬಳ ಸಾಲದ ಕೆಳಗಿನ ನೌಕರರು. ಅಳತೆ ತಪ್ಪಿತು. ಕೆಲವರು ಲಂಚ ತಿಂದು ಒಳ್ಳೆ ಮಣ್ಣನ್ನು ಕೆಟ್ಟದ್ದೆಂದೂ ಕೆಟ್ಟದ್ದನ್ನು ಒಳ್ಳೆಯದೆಂದೂ ಬರೆದರು. ಹೊಸ ಕಂದಾಯ ಇಂದಾಪುರಕ್ಕೆ ಬಂದದ್ದು 1830ರ ಹೊತ್ತಿಗೆ. ಮಳೆ ಅಷ್ಟಕ್ಕಷ್ಟೇ, ಧಾನ್ಯದ ಬೆಲೆ ಬಿದ್ದಿತ್ತು. ಕಂದಾಯ ಕಟ್ಟಲಾಗದೆ ರೈತರು ಹೊಲ ಬೀಳುಬಿಟ್ಟರು, ಊರು ಬಿಟ್ಟರು. ಬಾಕಿ ವಸೂಲಿಗೆ ಜನರಿಗೆ ಚಿತ್ರಹಿಂಸೆ ಕೊಟ್ಟದ್ದನ್ನು ಆಮೇಲೆ ಸರ್ಕಾರದ ವರದಿಗಳೇ ಒಪ್ಪಿಕೊಂಡವು. ಲೆಕ್ಕ ಕನ್ನಡದ ನಾಜೂಕು, ರೈತನ ಸ್ಥಿತಿ ಮರಾಠಿಯ ನಾಜೂಕು. ಲೆಕ್ಕ ಬರೆದವನು ಕಟುಕನೇನಲ್ಲ, ಓದಿಕೊಂಡ ಸಜ್ಜನ. ಇದನ್ನು ಓದುವಾಗ ನನ್ನ ಕೌಂಟರಿನ ಮುಂದೆ ರಸೀದಿ ಮಡಿಸಿಕೊಂಡು ಹೋದವನ ನೆನಪಾಗಿ ಪುಸ್ತಕ ಮುಚ್ಚಿಟ್ಟದ್ದುಂಟು.

1835ರಲ್ಲಿ ಇಂದಾಪುರಕ್ಕೆ ಇನ್ನಿಬ್ಬರನ್ನು ಕಳಿಸಿದರು. ಹೆನ್ರಿ ಎಡ್ವರ್ಡ್ ಗೋಲ್ಡ್‌ಸ್ಮಿಡ್, ಆಗ ಇಪ್ಪತ್ಮೂರರ ಹುಡುಗ. ಜೊತೆಗೆ ಎಂಜಿನಿಯರ್ ಪಡೆಯ ಲೆಫ್ಟಿನೆಂಟ್ ಜಾರ್ಜ್ ವಿಂಗೇಟ್. ಇವರು ರಿಕಾರ್ಡೋನನ್ನು ಬದಿಗಿಟ್ಟರು. ನಿವ್ವಳ ಎಷ್ಟು ಎಂದು ಕೇಳಲಿಲ್ಲ. ಈ ಊರು ಹಿಂದೆ ಎಷ್ಟು ಕಟ್ಟುತ್ತಿತ್ತು, ಯಾವ ವರ್ಷ ಎಷ್ಟು ಹೊಲ ಬೀಳುಬಿತ್ತು, ಸಂತೆ ಎಷ್ಟು ದೂರ ಎಂದು ಕೇಳಿದರು. ಒಂದು ಜೋಡಿ ಎತ್ತು ಉಳಬಹುದಾದಷ್ಟು ನೆಲಕ್ಕೆ ಒಂದು ನಂಬರು, ಆ ನಂಬರಿಗೆ ಇಷ್ಟು ಆಕಾರ. ಮಣ್ಣಿನ ಆಳ, ಬಣ್ಣ, ಕಲ್ಲು, ಇಳಿಜಾರು ನೋಡಿ ಆಣೆಯಲ್ಲಿ ದರ್ಜೆ. ದರ ಬಹಳಷ್ಟು ಇಳಿಸಿ, ಮೂವತ್ತು ವರ್ಷ ಏರಿಸುವುದಿಲ್ಲ ಎಂದು ಮಾತು ಕೊಟ್ಟರು. ನೀನು ಬಾವಿ ತೋಡಿ ಹೊಲ ಸುಧಾರಿಸಿದರೆ ಆ ಲಾಭ ನಿನ್ನದು. ಕೆಲವೇ ವರ್ಷಗಳಲ್ಲಿ ಬೀಳು ಬಿದ್ದ ಹೊಲಗಳು ಉಳುಮೆಗೆ ಬಂದವು. ಇದೇ ಪದ್ಧತಿ 1847ರ ಜಂಟಿ ವರದಿಯಲ್ಲಿ ನಿಯಮವಾಗಿ ಮುಂಬಯಿ ಪ್ರಾಂತಕ್ಕೆಲ್ಲ ಹಬ್ಬಿತು. ಗೋಲ್ಡ್‌ಸ್ಮಿಡ್ 1855ರಲ್ಲಿ ಈಜಿಪ್ಟಿನ ಕೈರೋದಲ್ಲಿ ತೀರಿಕೊಂಡ. ಅವನೂ ಮನೆ ಮುಟ್ಟಲಿಲ್ಲ.

ವಿಂಗೇಟ್ 1840ರ ದಶಕದಲ್ಲಿ ನಮ್ಮ ಕಡೆಗೇ ಬಂದ. ಧಾರವಾಡ, ಬೆಳಗಾವಿ ಸೀಮೆಯ ಸರ್ವೆ ಅವನ ಮೇಲ್ವಿಚಾರಣೆಯಲ್ಲಿ ನಡೆಯಿತು. ರಾಣೆಬೆನ್ನೂರು ಆಗ ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. 1956ರ ನವೆಂಬರ್ 1ರವರೆಗೂ ಹಾಗೇ ಇತ್ತು. ನಮ್ಮ ಅಪ್ಪನ ಟ್ರಂಕಿನಲ್ಲಿದ್ದ ಹೊಲದ ಕಾಗದಗಳಲ್ಲಿ ಸರ್ವೆ ನಂಬರು, ಆಕಾರ, ಖರಾಬ, ಆಣೆ ಎಲ್ಲ ಇಂದಾಪುರದ ಕಾಗದದಂತೆಯೇ ಇವೆ. ಹಳೇ ಮೈಸೂರಿನವರು ಪಹಣಿ ಎನ್ನುವುದನ್ನು ನಾವು ಉತಾರ ಎನ್ನುತ್ತೇವೆ, ಇಂದಾಪುರದವರೂ ಉತಾರಾ. ಬೆಳೆ ಸಾಲಕ್ಕೆ ಬಂದವರು ಸಾತ್-ಬಾರಾ ಉತಾರಾ ಮುಂದಿಟ್ಟಾಗ ನನಗೆ ಅದನ್ನು ಓದಲು ಯಾರೂ ಕಲಿಸಬೇಕಾಗಲಿಲ್ಲ. ಕಾಗದ ಓದಲು ಬಂತು. ಕಾಗದ ತಂದವನ ಮಾತು ತಿಳಿಯಲಿಲ್ಲ.

ಇಷ್ಟಕ್ಕೆ ಕತೆ ಸುಖಾಂತವಾಗಲಿಲ್ಲ. ಮೂವತ್ತು ವರ್ಷದ ಮಾತು ಮುಗಿದದ್ದೇ ತಡ, 1867ರ ಹೊತ್ತಿಗೆ ಇಂದಾಪುರದ ಕಂದಾಯ ಮತ್ತೆ ಏರಿತು. ಅದಕ್ಕೆ ಮೊದಲು ಅಮೆರಿಕದ ಅಂತರ್ಯುದ್ಧ, 1861ರಿಂದ 65. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದು, ಸಾಹುಕಾರರು ಕರೆದು ಕರೆದು ಸಾಲ ಕೊಟ್ಟರು. ಯುದ್ಧ ಮುಗಿಯಿತು, ಬೆಲೆ ಬಿತ್ತು, ಸಾಲ ಉಳಿಯಿತು. 1875ರ ಮೇ 12ರಂದು ಪಕ್ಕದ ಭೀಮಥಡಿ ತಾಲೂಕಿನ ಸುಪೆ ಎಂಬ ಊರಿನಲ್ಲಿ ಸಂತೆಯ ದಿನ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಇದನ್ನೇ ದಖ್ಖನ್ ದಂಗೆ ಎನ್ನುತ್ತಾರೆ. ಇಂದಾಪುರ ತಾಲೂಕಿನ ಹಳ್ಳಿಗಳಿಗೂ ಅದು ಹಬ್ಬಿತು. ಬಹಳ ಕಡೆ ಜನ ಸಾಹುಕಾರನ ಮೈ ಮುಟ್ಟಲಿಲ್ಲ. ಕಾಗದ ಕೇಳಿದರು. ತಮ್ಮ ಹೆಬ್ಬೆಟ್ಟು, ನಿಶಾನೆ ಇದ್ದ ಕರಾರುಪತ್ರಗಳನ್ನು ಇಸಿದುಕೊಂಡು ಬೀದಿಯಲ್ಲಿ ಸುಟ್ಟರು. ಓದಲು ಬಾರದವರಿಗೆ ತಮ್ಮನ್ನು ಕಟ್ಟಿಹಾಕಿದ್ದು ಯಾವುದು ಎಂಬುದು ಸರಿಯಾಗಿ ಗೊತ್ತಿತ್ತು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಪತ್ರದಲ್ಲಿ ಬರೆದಿದ್ದನ್ನು ಮಾತ್ರ ನೋಡದೆ, ನಿಜವಾಗಿ ಎಷ್ಟು ಕೊಟ್ಟೆ, ಎಷ್ಟು ತೆಗೆದುಕೊಂಡೆ ಎಂದು ಸಾಲದ ಹಿಂದಿನ ಕತೆಯನ್ನು ಕೋರ್ಟು ಕೇಳಬೇಕು ಎಂದು ಆ ಕಾಯ್ದೆ ಹೇಳಿತು.

ಕಾಗದದ ಹಿಂದಿನ ಕತೆ ಕೇಳುವುದಕ್ಕೆ ನಮಗೂ ದಾರಿ ಇತ್ತು. ಖಾತೆದಾರ ಹಾಸಿಗೆ ಹಿಡಿದಿದ್ದರೆ ಬ್ಯಾಂಕಿನವರು ಅವನ ಮನೆಗೇ ಹೋಗಿ, ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿಸಿಕೊಂಡು ಬರಬಹುದು. ನನಗೆ ಅದು ಗೊತ್ತಿತ್ತು. ಏನಾಗಿದೆ ಎಂದು ಒಂದು ಮಾತು ಕೇಳಿದ್ದರೆ, ಮಧ್ಯಾಹ್ನದ ಊಟ ಬಿಟ್ಟು ಮ್ಯಾನೇಜರರ ಸ್ಕೂಟರಿನಲ್ಲಿ ಹೋಗಿ ಬರುವ ಕೆಲಸ. ದವಾಖಾನೆಗೆ ಒಯ್ದಿದ್ದರೆ ಮುದುಕ ಉಳಿಯುತ್ತಿದ್ದನೋ ಇಲ್ಲವೋ, ಅದು ಬೇರೆ ಮಾತು. ಮ್ಯಾನೇಜರರಿಗೆ ಎಲ್ಲ ಹೇಳಿದೆ. ಅವರು, "ನೀವು ನಿಯಮ ಮೀರಿಲ್ಲ" ಎಂದರು. ಅದರಿಂದ ಸಮಾಧಾನ ಆಗಲಿಲ್ಲ. ಆಮೇಲೆ ಇಂದಾಪುರದಲ್ಲಿ ಇದ್ದಷ್ಟು ದಿನ ಒಂದು ರೂಢಿ ಮಾಡಿಕೊಂಡೆ: ಯಾರಾದರೂ ಮರಾಠಿಯಲ್ಲಿ ನನಗೆ ಪರಿಚಯವಿದ್ದ ಶಬ್ದ ಆಡಿದರೆ, ಜವಾನನನ್ನು ಕರೆದು ಅರ್ಥ ಕೇಳುವುದು. ಪರಿಚಯವಿಲ್ಲದ ಶಬ್ದಕ್ಕೆ ಅಷ್ಟು ಭಯವಿರಲಿಲ್ಲ. ಹೊಸಬರು ಬಂದಾಗ ಅವನು ಇದನ್ನು ಹೇಳಿ ನಗುತ್ತಿದ್ದ: "ನಮ್ಮ ಸಾಹೇಬರು ಗೊತ್ತಿದ್ದದ್ದನ್ನಷ್ಟೇ ಕೇಳ್ತಾರ."

ಮಗ ನಮ್ಮ ಬ್ರ್ಯಾಂಚಿನ ಗಿರಾಕಿಯಾಗಿಯೇ ಉಳಿದ. ಠೇವಣಿಯ ಹಣ ಬಂದ ಮೇಲೆ ಅದಕ್ಕೆ ಸ್ವಲ್ಪ ಸಾಲ ಸೇರಿಸಿ ಬಾವಿಗೆ ಮೋಟಾರು ಹಾಕಿಸಿದ. ಉಜನಿ ಅಣೆಕಟ್ಟು 1980ರ ಹೊತ್ತಿಗೆ ಮುಗಿದಿತ್ತು, ಭೀಮೆಯ ಹಿನ್ನೀರು ತಾಲೂಕಿನ ಉತ್ತರಕ್ಕೆಲ್ಲ ನಿಂತಿತ್ತು; ಪಳಸದೇವದ ಹಳೇ ಗುಡಿ ಅದರಲ್ಲಿ ಮುಳುಗಿ, ಬೇಸಗೆಯಲ್ಲಿ ನೀರು ಇಳಿದ ವರ್ಷ ಎದ್ದು ಕಾಣುತ್ತಿತ್ತು. ಜೋಳದ ನೆಲಕ್ಕೆ ಕಬ್ಬು ಬರುತ್ತಿದ್ದ ಕಾಲ ಅದು. ಅವನು ಕಂತು ತಪ್ಪಿಸಲಿಲ್ಲ. ತಂದೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ಸಲ ಎತ್ತಬೇಕೆಂದು ಬಾಯಿ ತೆರೆದೆ. ಕ್ಷಮಿಸು ಎನ್ನುವುದಕ್ಕೆ ಮರಾಠಿಯಲ್ಲಿ ಮಾಫ್ ಕರಾ ಅನ್ನುತ್ತಾರೆ. ಬಸ್ಸಿನಲ್ಲಿ ಕಾಲು ತುಳಿದರೂ ಅದನ್ನೇ ಅನ್ನುತ್ತಾರೆ ಎಂದು ತೋರಿ ಸುಮ್ಮನಾದೆ.

1989ರ ಮೇ ತಿಂಗಳಲ್ಲಿ ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಜವಾನನ ಜೊತೆ ಅವನೂ ಬಂದಿದ್ದ. ಸಾಮಾನು ಬಸ್ಸಿನ ಮೇಲೆ ಏರಿಸಲು ಅವನೇ ಹತ್ತಿದ. ಹೆಂಡತಿಯ ತವರಿನಿಂದ ಬಂದ ಒಂದು ದೊಡ್ಡ ಕನ್ನಡಿ ಇತ್ತು, ಗೋಣಿಚೀಲ ಸುತ್ತಿದ್ದೆವು. ಅದನ್ನು ಮಾತ್ರ ಮೇಲೆ ಇಡಗೊಡಲಿಲ್ಲ. ಕಂಡಕ್ಟರನನ್ನು ಕರೆದು, "ಹೇ ನಾಜೂಕ್ ಆಹೇ, ಸಾಹೇಬಾಂಜವಳ್ ಠೇವಾ" ಎಂದು ನನ್ನ ಕೈಗೇ ಕೊಡಿಸಿದ. ಈ ಸಲ ನನಗೆ ಅರ್ಥವಾಯಿತು. ಅದನ್ನು ಅವನಿಗೆ ಹೇಳುವಷ್ಟರಲ್ಲಿ ಬಸ್ಸು ಬಿಟ್ಟಿತು. ಸೊಲ್ಲಾಪುರದವರೆಗೂ ಕನ್ನಡಿ ನನ್ನ ತೊಡೆಯ ಮೇಲೇ ಇತ್ತು.